ರಾಜಮ್ಮನವರ ಕೊರಳು

ಮೊನ್ನೆ ಭಾನುವಾರ ದಟ್ಟಗಳ್ಳಿಯ ನಮ್ಮ ಮನೆಗೆ ಇಬ್ಬರು ಹುಡುಗಿಯರು ಬಂದಿದ್ದರು. ಡಯಾಲಿಸಿಸ್ ಕೋರ್ಸು ಮುಗಿಸಿಕೊಂಡು, ನಾನು ನಿವೃತ್ತನಾದ ಆಸ್ಪತ್ರೆಗೇ ಹೊಸದಾಗಿ ಸೇರಿದ್ದಾರಂತೆ. "ಸಾರ್, ನಿಮ್ಮ ಕಾಲದಲ್ಲಿ ಹೇಗಿತ್ತು, ಸ್ವಲ್ಪ ಹೇಳಿ" ಅಂದರು. ನನಗೆ ಮಂಡಿನೋವು, ಜೊತೆಗೆ ಕರೆಂಟು ಹೋಗಿ ಸೆಕೆ ಬೇರೆ. "ಈಗಿನ ಹಾಗೇ ಇತ್ತು ಕಣಮ್ಮ, ಮೆಷಿನ್ ಮಾತ್ರ ಹಳೇದು" ಅಂತ ಹೇಳಿ, ಕಾಫಿ ಕುಡಿಸಿ ಕಳಿಸಿಬಿಟ್ಟೆ. ಅವರು ಗೇಟು ದಾಟಿದ್ದೇ ತಡ, ನನ್ನ ಹೆಂಡತಿ ಶುರುಮಾಡಿದಳು. "ಪಾಪ, ಬಸ್ ಬದಲಾಯಿಸ್ಕಂಡು ಬಂದವ್ರೆ. ನಾಕು ಮಾತಾಡಕ್ಕೇನಾಗಿತ್ತು ನಿಮ್ಗೆ? ನಾಲಿಗೆ ಮೇಲೂ ರಕ್ತ ಹೆಪ್ಪುಗಟ್ಬುಟ್ಟಿತ್ತಾ?"

ಅವಳು ಹೇಳಿದ್ದು ಸರಿ, ಅದಕ್ಕೇ ಬರೆಯಲು ಕೂತಿದ್ದೇನೆ. ಯಾವಾಗ ಟೆಕ್ನಿಷಿಯನ್ ಆದೆ, ಯಾವಾಗ ಸೀನಿಯರ್ ಆದೆ, ಬೀಳ್ಕೊಡುಗೆಯ ದಿನ ಯಾರು ಹಾರ ಹಾಕಿದರು, ಅದೆಲ್ಲ ಬಿಡಿ. ಓದಿ ಯಾರಿಗೂ ಏನೂ ಆಗಬೇಕಾಗಿಲ್ಲ. ಆ ಹುಡುಗಿಯರಿಗೆ ನಾನು ಹೇಳಬೇಕಾಗಿದ್ದದ್ದು ಹೆಪ್ಪಿನ ವಿಷಯ ಮತ್ತು ರಾಜಮ್ಮನವರ ವಿಷಯ. ಎರಡೂ ಒಂದೇ ಕಥೆ.

ಕಿಡ್ನಿ ಕೆಟ್ಟವರ ರಕ್ತವನ್ನು ಮೈಯಿಂದ ಹೊರಗೆ ತಂದು, ಮೆಷಿನ್ನಿನಲ್ಲಿ ತೊಳೆದು, ವಾಪಸು ಒಳಗೆ ಕಳಿಸುವುದು ನಮ್ಮ ಕೆಲಸ. ಹೇಳಲಿಕ್ಕೆ ಇಷ್ಟೇ. ಆದರೆ ರಕ್ತ ಹೊರಗೆ ಬಂದು ಒಳಗೆ ಹೋಗಲಿಕ್ಕೆ ದಾರಿ ಬೇಕಲ್ಲ. ಕೊರಳಿನ ದೊಡ್ಡ ರಕ್ತನಾಳಕ್ಕೆ ಒಂದು ಪ್ಲಾಸ್ಟಿಕ್ ಕೊಳವೆ ಇಳಿಬಿಡುತ್ತಾರೆ, ಅದಕ್ಕೆ ಕ್ಯಾತಿಟರ್ ಎನ್ನುತ್ತೇವೆ. ಹಾಕಿದ ಕೂಡಲೇ ಕೆಲಸಕ್ಕೆ ಬರುತ್ತದೆ, ಬಾಳಿಕೆ ಮಾತ್ರ ಇಲ್ಲ. ಬಾಳಿಕೆ ಬೇಕೆಂದರೆ ಕೈಯಲ್ಲಿ ಸಣ್ಣ ಆಪರೇಷನ್ ಮಾಡಿ ಎರಡು ರಕ್ತನಾಳಗಳನ್ನು ಒಂದಕ್ಕೊಂದು ಹೊಲಿಯಬೇಕು. ಅದು ಫಿಸ್ಟುಲಾ. ಬಲಿಯಲು ವಾರಗಟ್ಟಲೆ ಬೇಕು. ಚೆನ್ನಾಗಿದ್ದರೆ ಮೇಲೆ ಬೆರಳಿಟ್ಟಾಗ ಜುಂ ಅನ್ನುತ್ತದೆ. ಕೊಳವೆಯಾಗಲಿ ಫಿಸ್ಟುಲಾ ಆಗಲಿ, ಕಾಟ ಒಂದೇ, ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಕೊಳ್ಳುವುದು. ತನ್ನದಲ್ಲದ ಪ್ಲಾಸ್ಟಿಕ್ಕು ತಗುಲಿದರೆ ರಕ್ತ ಹೆಪ್ಪು ಹಾಕಿದ ಹಾಲಿನ ಹಾಗೆ ಗಟ್ಟಿಯಾಗಲು ನೋಡುತ್ತದೆ. ದಾರಿ ಮುಚ್ಚಿದರೆ ಡಯಾಲಿಸಿಸ್ ಇಲ್ಲ. ಡಯಾಲಿಸಿಸ್ ಇಲ್ಲದೆ ಅಂಥವರು ಬಹಳ ದಿನ ಇರುವುದಿಲ್ಲ.

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಸೇರಿದಾಗ ನಮ್ಮ ವಿಭಾಗದ ಯಜಮಾನಿಕೆ ಸಿಸ್ಟರ್ ಫಿಲೋಮಿನಾ ಅವರದು. ಮಂಗಳೂರಿನ ಕಡೆಯವರು. ನನಗಿಂತ ಒಂದು ಗೇಣು ಗಿಡ್ಡ, ಧ್ವನಿ ಮಾತ್ರ ಕಾರಿಡಾರಿನ ಆ ತುದಿಗೆ ಕೇಳಿಸುತ್ತಿತ್ತು. ಡಯಾಲಿಸಿಸ್ ಮುಗಿದ ಮೇಲೆ ಕೊಳವೆಯೊಳಗೆ ಹೆಪಾರಿನ್ ತುಂಬಿ ಮುಚ್ಚಳ ಹಾಕುತ್ತೇವೆ, ರಕ್ತ ಗಟ್ಟಿಯಾಗದಿರಲಿ ಅಂತ. ಮುಂದಿನ ಸಲ ಮೊದಲು ಸಿರಿಂಜಿನಿಂದ ಅದನ್ನು ಎಳೆದು ಬಿಳೀ ಬಟ್ಟೆಯ ಮೇಲೆ ಬಿಟ್ಟು, ಹೆಪ್ಪಿನ ಕಪ್ಪು ಎಳೆ ಇದೆಯಾ ನೋಡಬೇಕು. ಕೆಲವು ಸಲ ಎಳೆದರೆ ಏನೂ ಬರುವುದಿಲ್ಲ. ಆಗ ಯಾರಿಗಾದರೂ ಕೈ ಕಡಿಯುತ್ತದೆ, ಒಂದು ಸಲ ಒತ್ತಿಬಿಡೋಣ, ದಾರಿ ಬಿಟ್ಟುಕೊಂಡೀತು ಅಂತ. ಸಿಸ್ಟರ್ ಹಿಂದೆಯೇ ನಿಂತಿರುತ್ತಿದ್ದರು. "ಒತ್ತಬೇಡ ಮಾರಾಯ! ನೀನು ಒತ್ತಿದ್ದು ಎಲ್ಲಿಗೆ ಹೋಗ್ತದೆ ಅಂತ ಗೊತ್ತುಂಟಾ? ಸೀದಾ ಶ್ವಾಸಕೋಶಕ್ಕೆ."

ಅವರು ರಜೆಯಲ್ಲಿದ್ದ ಒಂದು ದಿನ ನನ್ನ ಜೊತೆಯವನೊಬ್ಬ ಒತ್ತಿದ. ಮಂಚದ ಮೇಲಿದ್ದವರು ಸಿಟಿ ಬಸ್ಸಿನ ಕಂಡಕ್ಟರು. ಒಂದು ಸಲ ಕೆಮ್ಮಿದರು, ಎದೆ ಹಿಡಿದುಕೊಂಡರು, ತುಟಿ ನೀಲಿಯಾಯಿತು. ಆಮ್ಲಜನಕ, ಐಸಿಯು, ಓಡಾಟ. ಪುಣ್ಯಕ್ಕೆ ಉಳಿದರು. ತಿರುಗಿ ಬಂದಾಗ ನಗುತ್ತಲೇ, "ಏನ್ ಸಾ, ಟಿಕೆಟ್ ಕೊಡ್ದೇನೇ ಮೇಲಕ್ ಕಳಿಸ್ಬುಡ್ತಿದ್ರಲ್ಲಾ" ಎಂದರು. ಒತ್ತಿದವನು ಗೋಡೆಯ ಕಡೆ ತಿರುಗಿ ನಿಂತುಬಿಟ್ಟ. ಅವನು ಆ ವರ್ಷವೇ ಕೆಲಸ ಬಿಟ್ಟ.

ನಮ್ಮ ದೊಡ್ಡ ಡಾಕ್ಟರು, ಎಲ್ಲರೂ ಅವರನ್ನು ದೊಡ್ಡವರು ಎಂದೇ ಕರೆಯುತ್ತಿದ್ದೆವು, ಮೊದಮೊದಲು ಕೊಳವೆಯನ್ನು ಕೊರಳೆಲುಬಿನ ಕೆಳಗೆ ಹಾಕುತ್ತಿದ್ದರು. ಅಂಗಿಯೊಳಗೆ ಮುಚ್ಚಿಹೋಗುತ್ತಿತ್ತು, ರೋಗಿಗಳಿಗೂ ಹಿತ. ಎಲ್ಲ ಕಡೆ ಹಾಗೇ ನಡೆಯುತ್ತಿತ್ತು. ಕೆಲವು ವರ್ಷಗಳಾದ ಮೇಲೆ ಅಂಥವರ ತೋಳು ಊದಿಕೊಂಡು ಬರತೊಡಗಿತು. ಕೊಳವೆ ತೆಗೆದರೂ ಅದು ಉಜ್ಜಿದ ಜಾಗದಲ್ಲಿ ರಕ್ತನಾಳವೇ ಮುಚ್ಚಿಕೊಳ್ಳುತ್ತದೆ ಅಂತ ಆಮೇಲೆ ತಿಳಿಯಿತು. ಒಂದು ಬೆಳಿಗ್ಗೆ ದೊಡ್ಡವರು ಬಂದು, "ಇನ್ನು ಮೇಲೆ ಅಲ್ಲಿ ಬೇಡ, ಕೊರಳಿಗೇ ಹಾಕೋಣ" ಎಂದರು. ಸರಿ, ಹಾಕಿದೆವು. ಆಗಲೇ ತೋಳು ಊದಿದವರಿಗೆ ಏನು ಹೇಳುವುದು ಅಂತ ಯಾರಿಗೂ ಗೊತ್ತಿರಲಿಲ್ಲ. ನಾವು ಕಲಿತದ್ದೆಲ್ಲ ಯಾರದೋ ಮೈಮೇಲೆ ಕಲಿತದ್ದು. ಇದನ್ನು ನೆನೆದರೆ ಈಗಲೂ ಮನಸ್ಸು ಕುಗ್ಗಿಹೋಗುತ್ತದೆ.

ಕೊಳವೆ ಕೊರಳಿಗೆ ಬಂದ ಮೇಲೆ ಸಿಸ್ಟರ್ ಒಂದು ಕಾನೂನು ತಂದರು, ಕೊರಳಲ್ಲಿ ಏನೂ ಇರಬಾರದು. ದಾರ ಉಜ್ಜಿ ಗಾಯವಾಗುತ್ತದೆ, ಕೊಳವೆ ಮಡಚಿಕೊಳ್ಳುತ್ತದೆ, ಮಡಚಿದಲ್ಲಿ ರಕ್ತ ನಿಂತು ಹೆಪ್ಪಾಗುತ್ತದೆ. ಕಾನೂನು ಸರಿಯಾಗಿಯೇ ಇತ್ತು. ತಾಳಿ, ತಾಯತ, ರುದ್ರಾಕ್ಷಿ, ತಮ್ಮ ಕ್ರೈಸ್ತರ ಜಪಸರ, ಯಾವುದನ್ನೂ ಅವರು ಬಿಡಲಿಲ್ಲ. ತಾಳಿ ಬಿಚ್ಚುವಾಗ ಅಳುವ ಹೆಂಗಸರಿಗೆ, "ಅಳಬೇಡಿ, ನಿಮ್ಮ ಗಂಡ ಎಲ್ಲಿಗೂ ಓಡಿಹೋಗುವುದಿಲ್ಲ" ಅಂತ ತಾವೇ ಬಿಚ್ಚಿ ಕೈಗೆ ಕೊಡುತ್ತಿದ್ದರು.

ರಾಜಮ್ಮನವರು ಬಂದದ್ದು ಆ ಕಾನೂನಿನ ಕಾಲದಲ್ಲಿ. ಸರಸ್ವತಿಪುರಂನಲ್ಲಿ ಓದುವ ಹುಡುಗರಿಗೆ ಮೆಸ್ ನಡೆಸುತ್ತಿದ್ದರು. ಗಂಡ ತೀರಿಕೊಂಡಿದ್ದರು, ಇದ್ದವಳು ಒಬ್ಬಳೇ ಮಗಳು, ಸುಮ. ಮಠಕ್ಕೆ ನಡೆದುಕೊಳ್ಳುವ ಮನೆತನ, ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಶಿವದಾರ, ಅದರ ತುದಿಗೆ ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗ. ಬಂದ ದಿನ ಮುಖ ಕಾಲು ಊದಿ, ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ಆದರೂ ಸಿಸ್ಟರ್ ಕೊರಳಿಗೆ ಕೈಹಾಕಿದ್ದೇ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು.

"ಇದು ಸರ ಅಲ್ಲ ಕಣ್ರೀ ಸಿಸ್ಟರ್, ಲಿಂಗ. ದೀಕ್ಷೆ ಆದಾಗಿಂದ ಒಂದಿನಾನೂ ಮೈ ಬಿಟ್ಟಿಲ್ಲ."

"ದೇವರು ಎಲ್ಲಿದ್ದರೂ ದೇವರೇ ಅಮ್ಮ. ಕೊರಳಲ್ಲಿ ಮಾತ್ರ ಬೇಡ."

ರಾಜಮ್ಮನವರು ಮುಷ್ಟಿ ಬಿಡಲಿಲ್ಲ. "ಕೊರಳಲ್ಲಿ ಬೇಡ, ಅಷ್ಟೇ ತಾನೇ? ಆಯ್ತು" ಎಂದು ಸೀರೆಯ ಸೆರಗು ಹೊದ್ದು ಮಗ್ಗುಲಾದರು. ಬಲಗಡೆ ಕೊರಳಿಗೆ ಕೊಳವೆ ಹಾಕುವ ಹೊತ್ತಿಗೆ ಕೊರಳು ಖಾಲಿ. ಸಿಸ್ಟರಿಗೆ ಸಮಾಧಾನ, ನಮಗೂ ಸಮಾಧಾನ.

ಉಸಿರು ಸರಿಹೋದ ಮೇಲೆ ರಾಜಮ್ಮನವರು ಬಾಯಿ ಮುಚ್ಚುತ್ತಿರಲಿಲ್ಲ. ಮೆಷಿನ್ ಓಡುತ್ತಿರುವಷ್ಟೂ ಹೊತ್ತು ನನಗೆ ಸಾರಿನ ಪುಡಿ ಹುರಿಯುವ ಪಾಠ. ಮಗಳ ಅಡುಗೆ ಅಂದರೆ ಅವರಿಗೆ ಕೋಪವೂ ನಗುವೂ ಒಟ್ಟಿಗೆ ಬರುತ್ತಿತ್ತು. "ನನ್ ಮಗ್ಳು ಸಾರು ಮಾಡಿದ್ರೆ ಹುಡುಗ್ರು ಸೀದಾ ಮಜ್ಜಿಗೆಗೆ ಹೋಗ್ಬುಡ್ತಾರೆ ಕಣಪ್ಪ. ಅವಳ ಕೈಗೆ ಹದ ಬರೋತನಕನಾದ್ರೂ ನನ್ನ ಉಳಿಸ್ಕೊಡು. ಆ ಮೆಸ್ ಬಿಟ್ರೆ ಅವಳಿಗೆ ಬೇರೆ ಏನೂ ಇಲ್ಲ." ನಗುತ್ತಾ ಹೇಳುತ್ತಿದ್ದರು, ಆದರೆ ತಮಾಷೆಯ ಮಾತಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಎಡಗೈಯ ಮಣಿಕಟ್ಟಿನಲ್ಲಿ ಫಿಸ್ಟುಲಾ ಮಾಡಿದರು. ಒಳ್ಳೆಯ ರಕ್ತನಾಳ, ಒಳ್ಳೆಯ ಕೆಲಸ. ಪ್ರತಿ ಸಲ ಬಂದಾಗ ನಾನು ಬೆರಳಿಡುತ್ತಿದ್ದೆ, ಜುಂ ಅನ್ನುತ್ತಿತ್ತು. ಒಂದು ದಿನ ಬೆರಳಿಟ್ಟರೆ ಏನೂ ಇಲ್ಲ. ಮತ್ತೆ ಇಟ್ಟೆ. ಸ್ಟೆತಾಸ್ಕೋಪ್ ಇಟ್ಟು ಕೇಳಿದೆ. ಸದ್ದಿಲ್ಲ. ಹೆಪ್ಪುಗಟ್ಟಿ ಮುಚ್ಚಿಹೋಗಿತ್ತು.

ದೊಡ್ಡವರು ವಕೀಲರ ಹಾಗೆ ಪ್ರಶ್ನೆ ಹಾಕಿದರು. ಕೈಮೇಲೆ ಮಲಗಿದ್ರಾ? ಇಲ್ಲ. ಭಾರ ಎತ್ತಿದ್ರಾ? ಇಲ್ಲ. ಬಳೆ ಬಿಗಿಯಾಗಿತ್ತಾ? ಬಳೆ ತೆಗೆದಿಟ್ಟಿದೀನಲ್ಲ ಡಾಕ್ಟ್ರೇ. ಈ ಕೈಗೆ ಬೇರೆ ಕಡೆ ಯಾರಾದ್ರೂ ಬಿಪಿ ನೋಡಿದ್ರಾ? ಇಲ್ಲ. ಸರ್ಜನ್ನರು ಮತ್ತೆ ತೆರೆದು ಹೆಪ್ಪನ್ನು ತೆಗೆದು ದಾರಿ ಬಿಡಿಸಿದರು. ಕೆಲವೇ ದಿನ, ಮತ್ತೆ ಮುಚ್ಚಿತು. ಅತ್ತ ಕೊರಳಿನ ಕೊಳವೆಯೂ ಸೋಮಾರಿಯಾಗಿತ್ತು, ಎಳೆದಾಗೆಲ್ಲ ಕಪ್ಪು ಎಳೆಗಳು.

ಎರಡನೆಯ ಸಲ ಮುಚ್ಚಿದಾಗ ದೊಡ್ಡವರು ಸ್ಟೂಲ್ ಎಳೆದುಕೊಂಡು ಕೂತು, ಅವರ ಎಡಗೈ ಹಿಡಿದು, ಮಣಿಕಟ್ಟಿನಿಂದ ರಕ್ತನಾಳದ ಜಾಡು ಹಿಡಿದು ಬೆರಳನ್ನು ಮೇಲಕ್ಕೆ ಒಯ್ದರು. ಮೊಣಕೈ ದಾಟಿದರು. ರಾಜಮ್ಮನವರದು ಉದ್ದ ತೋಳಿನ ರವಿಕೆ. ಅದರ ಕೆಳಗೆ ಬೆರಳಿಗೆ ಏನೋ ಗಟ್ಟಿಯಾಗಿ ಸಿಕ್ಕಿತು.

"ಏನಮ್ಮ ಇದು?"

ರಾಜಮ್ಮನವರು ಬಲಗೈಯಿಂದ ಅದನ್ನು ಮುಚ್ಚಿಕೊಂಡರು. ದೊಡ್ಡವರು ಕೈ ಹಿಡಿದುಕೊಂಡೇ ಕಾದರು. ಕೊನೆಗೆ ರಾಜಮ್ಮನವರೇ ರವಿಕೆಯ ತೋಳನ್ನು ಮೇಲೆ ಸರಿಸಿದರು. ಕಾವಿ ಬಟ್ಟೆಯಲ್ಲಿ ಸುತ್ತಿ, ಜಾರಬಾರದೆಂದು ಬಿಗಿಯಾಗಿ ಕಟ್ಟಿದ ಕರಡಿಗೆ. ಸುತ್ತಲೂ ಮಾಂಸ ಒತ್ತಿಕೊಂಡು ಕೆಂಪು ಗೆರೆ ಬಿದ್ದಿತ್ತು. ಕೆಳಗಿನಿಂದ ಮೇಲೇರಬೇಕಾದ ರಕ್ತಕ್ಕೆ ಅಲ್ಲಿ ತಡೆ, ತಡೆದಲ್ಲಿ ಹೆಪ್ಪು.

"ಅಯ್ಯೋ ದೇವರೇ, ಒಂದು ಮಾತು ಹೇಳಬಾರದಿತ್ತಾ ಅಮ್ಮ!" ಸಿಸ್ಟರ್ ಹಣೆ ಚಚ್ಚಿಕೊಂಡರು.

ರಾಜಮ್ಮನವರಿಗೆ ಸಿಟ್ಟು ಬಂತು. "ಹೇಳಿದ್ರೆ ಅಲ್ಲಿಂದಲೂ ಬಿಚ್ಚು ಅಂತಿದ್ರಿ. ಕೊರಳಲ್ಲಿ ಬೇಡ ಅಂದ್ರಿ, ಬಿಚ್ಚಿದೆ. ಬಿಚ್ಚಿದ್ದನ್ನ ಎಲ್ಲಿಟ್ಕೊಂಡೆ ತಾಯಿ ಅಂತ ನಿಮ್ಮಲ್ಲಿ ಒಬ್ರಾದ್ರೂ ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ದೊಡ್ಡವರು ಆ ಕಾವಿ ಬಟ್ಟೆಯನ್ನೇ ನೋಡುತ್ತಿದ್ದರು. ಅವರದೂ ಅದೇ ಸಮುದಾಯ, ಅವರು ಲಿಂಗ ಧರಿಸುತ್ತಿರಲಿಲ್ಲ ಅಷ್ಟೇ. "ನಮ್ಮ ತಾಯಿನೂ ಒಲೆ ಮುಂದೆ ಕೂತಾಗ ಹೀಗೇ ತೋಳಿಗೆ ಕಟ್ಕೊಳ್ತಾ ಇದ್ರು ಪುಟ್ಟಸ್ವಾಮಿ. ದಿನಾ ನೋಡ್ಕೊಂಡು ಬೆಳೆದೋನು ನಾನು. ನನಗೇ ಹೊಳೀಲಿಲ್ವಲ್ಲ" ಎಂದು ನನಗೆ ಹೇಳಿದರು. ಅವರ ದನಿ ಅಷ್ಟು ಕುಗ್ಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಇನ್ನು ಬಲಗೈಯಲ್ಲಿ ಹೊಸ ಫಿಸ್ಟುಲಾ ಮಾಡಬೇಕು. ಎಡಗೈಯ ಮೊಣಕೈ ಭಾಗವನ್ನು ಮುಂದಕ್ಕೆ ಅಂತ ಉಳಿಸಿಕೊಳ್ಳಬೇಕು. ಹೊಸದು ಬಲಿಯುವ ತನಕ ಕೊರಳಿನ ಕೊಳವೆಯೇ ಗತಿ. ಅಷ್ಟರೊಳಗೆ ಅದೂ ಹೋದರೆ ಬಹಳ ಕಷ್ಟ.

"ಕೊರಳೂ ಬೇಡ, ಎರಡು ತೋಳೂ ಬೇಡ ಅಂದ್ರೆ ಎಲ್ಲಿ ಕಟ್ಕೊಳ್ಳಲಿ ಡಾಕ್ಟ್ರೇ? ಸೊಂಟಕ್ಕೆ ಕಟ್ಟೋ ಹಾಗಿಲ್ಲ, ಲಿಂಗ ಹೊಕ್ಕಳಿಂದ ಕೆಳಗೆ ಇರಬಾರದು. ನಿಮಗೂ ಗೊತ್ತಲ್ಲ."

"ನನ್ನನ್ನ ಕೇಳಬೇಡಿ ಅಮ್ಮ. ನಾನು ಬಿಟ್ಟು ಬಹಳ ವರ್ಷ ಆಯ್ತು. ಮಠದಲ್ಲಿ ಕೇಳ್ಕೊಂಡು ಬನ್ನಿ."

ಮುಂದಿನ ಸಲ ರಾಜಮ್ಮನವರು ಬಂದಾಗ ಸಿಸ್ಟರ್ ಕೊರಳು ನೋಡಿದರು, ಎರಡು ತೋಳನ್ನೂ ಮೇಲಿನ ತನಕ ಮುಟ್ಟಿ ನೋಡಿದರು. ಇಲ್ಲ. "ಈಗ ಎಲ್ಲಿ?" ಎಂದರು. ರಾಜಮ್ಮನವರು ಮೊದಲ ಸಲ ಹೆಮ್ಮೆಯಿಂದ ತಲೆ ತಿರುಗಿಸಿ ತೋರಿಸಿದರು. ತುರುಬಿನೊಳಗೆ ಕಾವಿ ಬಟ್ಟೆಯ ಗಂಟು, ಸುತ್ತಲೂ ಹೇರ್‌ಪಿನ್ನು. "ಬುದ್ಧಿಯೋರು ಚೆನ್ನಾಗಿ ಬೈದ್ರು ಕಣ್ರೀ. ಆಸ್ಪತ್ರೆಯೋರನ್ನೂ ಕೇಳ್ದೆ, ನಮ್ಮನ್ನೂ ಕೇಳ್ದೆ ನೀನೇ ಕಟ್ಕೊಂಡ್ಬುಟ್ಯಾ ಅಂತ. ತಲೆ ಮೇಲೆ ಧರಿಸಬೋದಂತೆ. ಎಲ್ಲಕ್ಕಿಂತ ಮೇಲಾದ ಜಾಗ ಅಂತೆ." ಮಠದ ಸ್ವಾಮಿಗಳನ್ನು ಅವರು ಬುದ್ಧಿಯೋರು ಅನ್ನುತ್ತಿದ್ದರು.

ಬಲಗೈಯ ಆಪರೇಷನ್ ಆಯಿತು. ಆಮೇಲಿನ ಆ ಕೆಲವು ವಾರಗಳನ್ನು ನಾನು ಮರೆಯಲಾರೆ. ಬಲಗಡೆ ಕೊರಳಿನ ಕೊಳವೆ ಪೂರ್ತಿ ಕಟ್ಟಿಕೊಂಡು, ಎಡಗಡೆಗೆ ಹೊಸದು ಹಾಕಿದರು. ಅದರಲ್ಲೂ ಪ್ರತಿ ಸಲ ಕಪ್ಪು ಎಳೆ. ನಾನು ಸಿರಿಂಜು ಹಚ್ಚಿದರೆ ಸುಮ ಬಾಗಿಲ ಹತ್ತಿರ ಬಂದು ನಿಲ್ಲುತ್ತಿದ್ದಳು. ಒಂದು ಬೆಳಿಗ್ಗೆ ಎಳೆದರೆ ಬರಲೇ ಇಲ್ಲ. ಕುತ್ತಿಗೆ ತಿರುಗಿಸಲು ಹೇಳಿದೆ, ಕೆಮ್ಮಲು ಹೇಳಿದೆ, ಮಂಚದ ತಲೆಭಾಗ ಇಳಿಸಿದೆ. ಇಲ್ಲ. ಹೆಬ್ಬೆರಳು ಸಿರಿಂಜಿನ ಹಿಂದೆ ತಾನಾಗಿ ಹೋಗಿ ಕೂತಿತು. ಒಂದೇ ಒಂದು ಸಲ ಒತ್ತಿದರೆ? ಕಂಡಕ್ಟರ ನೀಲಿ ತುಟಿ ನೆನಪಾಯಿತು. ಕೈ ತೆಗೆದೆ. ದೊಡ್ಡವರನ್ನು ಕರೆಸಿದೆ. ಹೆಪ್ಪು ಕರಗಿಸುವ ಔಷಧಿಯನ್ನು ಕೊಳವೆಯಲ್ಲಿ ತುಂಬಿ ಕಾದೆವು. ಕಾಯುವುದು ಅಂದರೆ ಏನು ಅಂತ ಆವತ್ತು ಗೊತ್ತಾಯಿತು. ಆಮೇಲೆ ಎಳೆದಾಗ ಸಿರಿಂಜಿನೊಳಗೆ ಕೆಂಪಗೆ ನುಗ್ಗಿ ಬಂತು. ಸುಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ರಾಜಮ್ಮನವರು ಮಾತ್ರ, "ಎದ್ದೇಳೇ, ಸಾರಿಗೆ ಒಗ್ಗರಣೆ ಯಾರು ಹಾಕ್ತಾರೆ" ಅಂತ ಗದರಿಸಿದರು.

ಬಲಗೈ ಬಲಿಯಿತು. ಬೆರಳಿಟ್ಟರೆ ಚೆನ್ನಾಗಿ ಜುಂ ಅನ್ನುತ್ತಿತ್ತು. ಕೊರಳಿನ ಕೊಳವೆ ತೆಗೆದ ದಿನ ಸಿಸ್ಟರ್ ಅವರೇ, "ಇನ್ನು ನಿಮ್ಮ ದೇವರನ್ನು ಕೊರಳಿಗೇ ಹಾಕಿಕೊಳ್ಳಿ ಅಮ್ಮ" ಎಂದರು. ರಾಜಮ್ಮನವರು ಒಪ್ಪಲಿಲ್ಲ. "ತಲೆ ಮೇಲೇ ಇರ್ಲಿ ಬಿಡಿ. ಕೊರಳು ಮತ್ತೆ ನಿಮಗೆ ಬೇಕಾಗ್ಬೋದು."

ವರ್ಷಗಳು ಹೋದವು. ಎರಡು ಸಾವಿರದ ಇಸವಿ ಬಂತು, ಹೊಸ ಮೆಷಿನ್ನುಗಳು ಬಂದವು, ಚರ್ಮದ ಕೆಳಗೆ ಸುರಂಗದ ಹಾಗೆ ಹಾಯಿಸುವ ಮೆತ್ತನೆಯ ಕೊಳವೆಗಳು ಬಂದವು. ಸಿಸ್ಟರ್ ಫಿಲೋಮಿನಾ ನಿವೃತ್ತರಾಗಿ ಊರಿಗೆ ಹೋದರು. ನನಗೆ ಅಂಟಿಕೊಂಡದ್ದು ಒಂದೇ ಪ್ರಶ್ನೆ. ಯಾರಿಗೆ ಏನು ಬಿಚ್ಚಲು ಹೇಳಿದರೂ, "ಬಿಚ್ಚಿ ಎಲ್ಲಿಟ್ಕೊಳ್ತೀರಾ?" ಎನ್ನುತ್ತಿದ್ದೆ. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ತಾಳಿಯನ್ನು ಫಿಸ್ಟುಲಾ ಇದ್ದ ಮಣಿಕಟ್ಟಿಗೇ ಸುತ್ತಿಕೊಳ್ಳಲು ಹೊರಟಿದ್ದಳು. ಸಾಬರೊಬ್ಬರು ತಾಯತವನ್ನು ತೋಳಿಗೆ ಏರಿಸಿದ್ದರು. ಹುಡುಗರು ನನಗೆ ಪೊಲೀಸ್ ಪುಟ್ಟಸ್ವಾಮಿ ಅಂತ ಹೆಸರಿಟ್ಟರು. ಇಟ್ಟುಕೊಳ್ಳಲಿ.

ರಾಜಮ್ಮನವರು ಶ್ರೀರಾಂಪುರದಲ್ಲಿ ಮನೆ ಮಾಡಿದ್ದರು, ಮೆಸ್ ಸುಮಳ ಕೈಗೆ ಬಂದಿತ್ತು. ನಾನೂ ರಾಜಮ್ಮನವರೂ ಒಬ್ಬರನ್ನೊಬ್ಬರು ನೋಡುತ್ತಲೇ ಮುದಿಯಾದೆವು. ಆಮೇಲೆ ಒಂದು ದಿನ ಬಲಗೈಯೂ ಸುಮ್ಮನಾಯಿತು. ಈ ಸಲ ಯಾರ ತಪ್ಪೂ ಇರಲಿಲ್ಲ, ಎಲ್ಲೂ ಏನೂ ಕಟ್ಟಿರಲಿಲ್ಲ. ಸವೆದುಹೋದ ರಕ್ತನಾಳ, ಅಷ್ಟೇ. ಉಳಿಸಿಟ್ಟಿದ್ದ ಎಡ ಮೊಣಕೈಯೂ ಕೈ ಹಿಡಿಯಲಿಲ್ಲ. ದೊಡ್ಡವರು ಕೊರಳಿಗೆ ಬಂದರು. ಬಲಗಡೆ ಕೊಳವೆಗೆ ದಾರಿ ಮಾಡುವ ತಂತಿಯೇ ಒಳಗೆ ಹೋಗಲಿಲ್ಲ, ಎಡಗಡೆಯೂ ಹೋಗಲಿಲ್ಲ. ಹಿಂದೆ ನಾವೇ ಹಾಕಿದ್ದ ಕೊಳವೆಗಳು ಬಿಟ್ಟುಹೋದ ಹೆಪ್ಪು ಎದೆಯೊಳಗೆ ಗಟ್ಟಿಯಾಗಿ ದಾರಿಯನ್ನೇ ಮುಚ್ಚಿತ್ತು. ತೊಡೆಯ ಸಂದಿನಲ್ಲಿ ಹಾಕಿದ್ದಕ್ಕೆ ಸೋಂಕು ತಗುಲಿ ಚಳಿಜ್ವರ ಬಂದು, ತೆಗೆಯಬೇಕಾಯಿತು. ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್ ಹೊಟ್ಟೆಗೆ ಎಂದೋ ಆಗಿದ್ದ ಆಪರೇಷನ್ನಿನ ದೆಸೆಯಿಂದ ಅವರಿಗೆ ಒಗ್ಗುವ ಹಾಗಿರಲಿಲ್ಲ. ಬೆಂಗಳೂರಿಗೆ ಬರೆದು ಕೇಳಿದರು. ಅಲ್ಲಿಂದಲೂ ಬೇರೆ ಮಾತು ಬರಲಿಲ್ಲ.

ಇನ್ನು ಯಾವ ದಾರಿಯೂ ಉಳಿದಿಲ್ಲ ಅಂತ ದೊಡ್ಡವರು ಮಂಚದ ಅಂಚಿನಲ್ಲಿ ಕೂತು ತಾವೇ ಹೇಳಿದರು. ಸುತ್ತಿಬಳಸಿ ಹೇಳಲಿಲ್ಲ. ಆಗ ಅವರ ತಲೆಯೂ ಪೂರ್ತಿ ನರೆತಿತ್ತು. ರಾಜಮ್ಮನವರು ಕೈ ಮುಗಿದರು, ದೊಡ್ಡವರು ಎದ್ದು ಹೋದರು.

ಮಧ್ಯಾಹ್ನ ನಾನು ಹೋಗಿ ನಿಂತೆ. ಅವರೇ ಮಾತು ತೆಗೆದರು. ಸುಮ ಕ್ಯಾರಿಯರ್ ತೊಳೆಯಲು ನಲ್ಲಿಯ ಹತ್ತಿರ ಹೋಗಿದ್ದಳು.

"ಅವಳ ಸಾರು ಉಂಡ್ಯಾ?"

"ಉಂಡೆ ಅಮ್ಮ. ಚೆನ್ನಾಗಿತ್ತು."

"ನಿಜ ಹೇಳೋ."

"ಹುಳಿ ಒಂಚೂರು ಮುಂದು. ಆದ್ರೆ ಹುಡುಗ್ರು ಎರಡನೇ ಸಲ ಹಾಕಿಸ್ಕೊತಾರೆ."

"ಹಾಕಿಸ್ಕೊತಾರಾ?" ಅವರ ಮುಖ ಅರಳಿತು. "ಹಂಗಾದ್ರೆ ಸಾಕು ಬುಡು." ಆಮೇಲೆ ಕೇಳಿದರು, "ಪುಟ್ಟಸ್ವಾಮಿ, ಇನ್ನು ನಿಮಗೆ ನನ್ನ ಕೊರಳು ಬೇಕಾಗಲ್ಲ, ಅಲ್ವಾ?"

ನಾನು ಹೌದೆಂದು ತಲೆಯಾಡಿಸಿದೆ. ಅವರು ಊದಿದ ಕೈಗಳನ್ನು ತಲೆಯ ಹಿಂದೆ ಒಯ್ದು ಹೇರ್‌ಪಿನ್ನುಗಳನ್ನು ಒಂದೊಂದಾಗಿ ತೆಗೆದರು. ಕಾವಿ ಬಟ್ಟೆ ಬಿಚ್ಚಿ, ಕರಡಿಗೆಯನ್ನು ಹಣೆಗೆ ಒತ್ತಿಕೊಂಡರು. ದಿಂಬಿನ ಕೆಳಗೆ ಹೊಸ ಶಿವದಾರ ಇತ್ತು, ಮೊದಲೇ ತರಿಸಿಟ್ಟಿದ್ದರು. ಕರಡಿಗೆಗೆ ತಾವೇ ಪೋಣಿಸಿಕೊಂಡರು. ಕತ್ತಿನ ಹಿಂದೆ ಗಂಟು ಹಾಕಲು ಬೆರಳು ಬಗ್ಗಲಿಲ್ಲ.

"ಕರಡಿಗೆ ನಾನು ಹಿಡ್ಕೊತೀನಿ. ನೀನು ದಾರ ಮಾತ್ರ ಮುಟ್ಟಿ ಗಂಟು ಹಾಕಪ್ಪ."

ನಾನು ಹಿಂದೆ ಹೋಗಿ ನಿಂತೆ. ಕೊಳವೆ ಹಾಕಿದ್ದ ಹಳೆಯ ಗಾಯದ ಗುರುತುಗಳು ಕೊರಳಿನ ಎರಡು ಕಡೆಯೂ ಕಾಣುತ್ತಿದ್ದವು. ಅವುಗಳಿಗೆ ತಾಗದ ಹಾಗೆ, ಎಷ್ಟೋ ವರ್ಷದ ಅಭ್ಯಾಸ, ದಾರವನ್ನು ಸಡಿಲ ಬಿಟ್ಟು ಗಂಟು ಹಾಕಲು ಹೋದೆ.

"ಬಿಗಿಯಾಗೇ ಕಟ್ಟೋ" ಎಂದರು ರಾಜಮ್ಮನವರು. "ಇನ್ನು ಮುಚ್ಚಿಹೋಗೋಕೆ ಏನೂ ಉಳಿದಿಲ್ಲ."